ಮೂವತ್ತೊಂದು ಗೆಲುವು ಯಾರದು?

1968ರ ಸೆಪ್ಟೆಂಬರ್ 14. ಡೆಟ್ರಾಯಿಟ್‌ನ ಟೈಗರ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ಪಂದ್ಯದ ಒಂಬತ್ತನೆಯ, ಅಂದರೆ ಕೊನೆಯ ಇನಿಂಗ್ಸ್‌ನ ಎರಡನೆಯ ಅರ್ಧ. ಡೆಟ್ರಾಯಿಟ್ ಟೈಗರ್ಸ್ ತಂಡದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ, ಡೆನ್ನಿ ಮೆಕ್‌ಲೇನ್ ಎಸೆಯಬೇಕಾದ್ದನ್ನೆಲ್ಲ ಎಸೆದು ಮುಗಿಸಿದ್ದಾರೆ. ಅಂಕಪಟ್ಟಿಯಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ 4, ಟೈಗರ್ಸ್ 3. ಓಕ್‌ಲ್ಯಾಂಡ್‌ನ ರೆಗ್ಗಿ ಜಾಕ್ಸನ್ ಎಂಬ ಎಳೆಯ ಆಟಗಾರ ಅವರಿಗೆ ಎರಡು ಹೋಮ್ ರನ್, ನಮ್ಮ ಸಿಕ್ಸರ್‌ನಂಥ ಹೊಡೆತ, ಬಾರಿಸಿ ಆಗಿದೆ. ಹೀಗೇ ಮುಗಿದರೆ ಇದು ಮೆಕ್‌ಲೇನ್ ಸೋತ ಪಂದ್ಯ.

ಅವರ ಬ್ಯಾಟಿಂಗ್ ಸರದಿ ಬಂತು. ಅವರ ಬದಲಿಗೆ ಹಿರಿಯ ಆಟಗಾರ ಆಲ್ ಕೇಲೈನ್ ಹೋದರು. ಗುರಿ ತಪ್ಪಿದ ನಾಲ್ಕು ಎಸೆತ ಬಿಟ್ಟು, ನಿಯಮದಂತೆ ಮೊದಲ ಬೇಸ್‌ಗೆ ನಡೆದರು. ಮಿಕಿ ಸ್ಟ್ಯಾನ್ಲಿ ಸಿಂಗಲ್ ಹೊಡೆದರು. ಜಿಮ್ ನಾರ್ತ್‌ರಪ್ ನೆಲಕ್ಕೆ ಬಡಿದ ಚೆಂಡು ಓಕ್‌ಲ್ಯಾಂಡ್‌ನ ಡ್ಯಾನಿ ಕೇಟರ್ ಕೈಗೇ ಸಿಕ್ಕಿತು. ಆದರೆ ಹೋಮ್ ಪ್ಲೇಟ್ ಕಡೆ ಎಸೆಯುವ ಅವಸರದಲ್ಲಿ ಕೇಟರ್ ಗುರಿ ತಪ್ಪಿದರು. ಕೇಲೈನ್ ಓಡಿ ಬಂದು 4-4. ಆಮೇಲೆ ವಿಲ್ಲಿ ಹಾರ್ಟನ್, ರನ್ ತಡೆಯಲೆಂದು ಹತ್ತಿರಕ್ಕೆ ಬಂದು ನಿಂತಿದ್ದ ಫೀಲ್ಡರ್‌ಗಳ ತಲೆಯ ಮೇಲೆ ಚೆಂಡನ್ನು ಕಳಿಸಿದರು. 5-4.

ಬೆಂಚಿನಲ್ಲಿ ಕೂತಿದ್ದ ಮನುಷ್ಯನ ಖಾತೆಗೆ ಅವತ್ತು 30ನೆಯ ಗೆಲುವು ಜಮೆಯಾಯಿತು. ಅದಕ್ಕೂ ಮುಂಚೆ ಒಂದೇ ಋತುವಿನಲ್ಲಿ ಕೊನೆಯ ಸಲ 30 ಪಂದ್ಯ ಗೆದ್ದಿದ್ದವರು 1934ರ ಡಿಜ್ಜಿ ಡೀನ್. ಆ ಡೀನ್ ಅವತ್ತು ಮೈದಾನದಲ್ಲೇ ಇದ್ದರು. ಐದು ದಿನ ಕಳೆದು ಮೆಕ್‌ಲೇನ್ 31ನೆಯದನ್ನೂ ಗೆದ್ದರು. ಅಲ್ಲಿಂದ ಇಲ್ಲಿಯ ತನಕ ಅಮೆರಿಕದ ಮೇಜರ್ ಲೀಗ್‌ನಲ್ಲಿ ಮೂವತ್ತು ಮುಟ್ಟಿದವರು ಇನ್ನೊಬ್ಬರಿಲ್ಲ.

ಈ ಹಳೆಯ ಕತೆ ಈಗೇಕೆ ಅಂದರೆ, 2025ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಾಲ್ ಸ್ಕೀನ್ಸ್ ತಮ್ಮ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು, ಅದೂ ಒಂದೇ ಒಂದು ಮತ ಬೇರೆಯವರಿಗೆ ಹೋಗದಂತೆ. ಅವರ ಗೆಲುವು ಸೋಲಿನ ಲೆಕ್ಕ ನೋಡಿ: 10 ಗೆಲುವು, 10 ಸೋಲು. ಸರಿಸಮ. ಗೆದ್ದದ್ದರಷ್ಟೇ ಸೋತ ಪಿಚರ್‌ನನ್ನು ಇಡೀ ಲೀಗ್‌ನಲ್ಲಿ ಇವನೇ ಮೇಲು ಎಂದು ಎಲ್ಲರೂ ಒಪ್ಪುತ್ತಾರೆ ಅಂದಮೇಲೆ, ಹೆಸರಿನ ಮುಂದೆ ‘ಗೆಲುವು’ ಎಂಬ ಕಲಮು ಯಾಕಿರಬೇಕು? ಅದನ್ನು ಕಿತ್ತುಹಾಕಿ ಎನ್ನುವವರು ಅಮೆರಿಕದಲ್ಲಿ ವರ್ಷ ವರ್ಷ ಹೆಚ್ಚುತ್ತಿದ್ದಾರೆ. ಅವರ ವಾದದಲ್ಲಿ ಬಹುಪಾಲು ಸರಿ ಇದೆ. ಆದರೆ 1968ರ ಗೆಲುವಿನ ಪಟ್ಟಿಯನ್ನು ಸಾವಧಾನವಾಗಿ ಓದಿದರೆ ಅವರು ಹೇಳದ ಇನ್ನೊಂದು ಸಂಗತಿಯೂ ಅದರೊಳಗೆ ಕೂತಿರುವುದು ಕಾಣುತ್ತದೆ.

ಮೊದಲು, ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಲೆಕ್ಕವೇ ವಿಚಿತ್ರ. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ 74 ರನ್‌ಗಳಿಗೆ ಕೆಡವಿದರು. ಅಂಕಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 10 ಎಂದು ಬರೆದರೇ ಹೊರತು ‘ಗೆಲುವು: ಕುಂಬ್ಳೆ’ ಎಂದು ಬರೆಯಲಿಲ್ಲ. ಗೆದ್ದದ್ದು ಭಾರತ. ನಾವು ಗೆಲುವನ್ನು ಒಬ್ಬರ ಹೆಸರಿಗೆ ಹಚ್ಚುವುದಿದ್ದರೆ ನಾಯಕನಿಗೆ ಹಚ್ಚುತ್ತೇವೆ. ಬೌಲರ್‌ಗೆ ವಿಕೆಟ್ಟು, ಸರಾಸರಿ, ಅಷ್ಟೇ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಪಂದ್ಯ ಮುಗಿದ ಮೇಲೆ ಗೆದ್ದ ತಂಡದ ಒಬ್ಬ ಪಿಚರ್‌ಗೆ ಒಂದು ಗೆಲುವು, ಸೋತ ತಂಡದ ಒಬ್ಬ ಪಿಚರ್‌ಗೆ ಒಂದು ಸೋಲು ಬರೆಯಲೇಬೇಕು. ಉಳಿದವರಿಗೆ ಏನೂ ಇಲ್ಲ. ತಮಾಷೆಯೆಂದರೆ ಬೇಸ್‌ಬಾಲ್ ಅಂಕಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡ್‌ನಲ್ಲಿ ಹುಟ್ಟಿದವರು, ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವರದಿಗಾರರಾಗಿದ್ದವರು.

ಯಾರಿಗೆ ಬರೆಯಬೇಕು ಎನ್ನುವುದಕ್ಕೆ ನಿಯಮ ಇದೆ. ತಂಡ ಮುನ್ನಡೆ ಪಡೆದು ಕೊನೆಯ ತನಕ ಅದನ್ನು ಬಿಟ್ಟುಕೊಡದಿದ್ದರೆ, ಆ ಮುನ್ನಡೆ ಸಿಕ್ಕ ಹೊತ್ತಿನಲ್ಲಿ ಯಾರು ಎಸೆಯುವ ಹೊಣೆಯಲ್ಲಿದ್ದರೋ ಅವರಿಗೆ ಗೆಲುವು. ಅದಕ್ಕೇ ಬೆಂಚಿನಲ್ಲಿ ಕೂತಿದ್ದ ಮೆಕ್‌ಲೇನ್‌ಗೆ ಸಿಕ್ಕಿದ್ದು: ಅವರ ಬದಲು ಇನ್ನೊಬ್ಬ ಪಿಚರ್ ಇನ್ನೂ ಬಂದಿರಲಿಲ್ಲ. ಆರಂಭಿಕ ಪಿಚರ್‌ಗಾದರೆ ಒಂದು ಷರತ್ತು ಹೆಚ್ಚು, ಕನಿಷ್ಠ ಐದು ಇನಿಂಗ್ಸ್ ಎಸೆದಿರಬೇಕು. ಈ ‘ಐದು’ ಎಂಬ ಗೆರೆ ಇವತ್ತಿನ ಜಗಳದ ಕೇಂದ್ರ. ಅಲ್ಲಿಗೆ ಆಮೇಲೆ ಬರೋಣ.

ಈಗ 1968ರ ಪಟ್ಟಿ. ಮೇಜರ್ ಲೀಗ್ ಎಂದರೆ ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗ್‌ಗಳು. ಅಮೆರಿಕನ್ ಲೀಗ್‌ನಲ್ಲಿ ಮೆಕ್‌ಲೇನ್ 31 ಗೆಲುವು 6 ಸೋಲು. ಅವರ ಹಿಂದೆ, ಬಹಳ ಹಿಂದೆ, ಬಾಲ್ಟಿಮೋರ್‌ನ ಡೇವ್ ಮೆಕ್‌ನ್ಯಾಲಿ 22. ಕ್ಲೀವ್‌ಲ್ಯಾಂಡ್‌ನ ಲೂಯಿ ಟಿಯಾಂಟ್ ಮತ್ತು ನ್ಯೂಯಾರ್ಕ್ ಯಾಂಕೀಸ್‌ನ ಮೆಲ್ ಸ್ಟಾಟಲ್‌ಮೈರ್ ತಲಾ 21. ನ್ಯಾಷನಲ್ ಲೀಗ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹ್ವಾನ್ ಮಾರಿಚಾಲ್ 26 ಗೆಲುವು 9 ಸೋಲು, ಸೇಂಟ್ ಲೂಯಿಯ ಬಾಬ್ ಗಿಬ್ಸನ್ 22 ಗೆಲುವು 9 ಸೋಲು, ಷಿಕಾಗೋ ಕಬ್ಸ್‌ನ ಫರ್ಗಿ ಜೆಂಕಿನ್ಸ್ 20 ಗೆಲುವು 15 ಸೋಲು.

ಇದರ ಪಕ್ಕದಲ್ಲಿ ಇನ್ನೊಂದು ಕಲಮು ಇಡಿ. ಇಆರ್‌ಎ ಎನ್ನುವುದು ಅದರ ಹೆಸರು. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಕಳೆದು, ಒಬ್ಬ ಪಿಚರ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟರು ಎನ್ನುವ ಲೆಕ್ಕ. ನಮ್ಮ ಬೌಲಿಂಗ್ ಸರಾಸರಿಯ ದಾಯಾದಿ ಎನ್ನಬಹುದು, ಕಡಿಮೆಯಾದಷ್ಟೂ ಒಳ್ಳೆಯದು. ಮೆಕ್‌ಲೇನ್ 1.96. ಅದ್ಭುತವೇ, ಅನುಮಾನವಿಲ್ಲ. ಆದರೆ ಟಿಯಾಂಟ್ 1.60. ಗಿಬ್ಸನ್ 1.12. ಈ 1.12ರ ಮುಂದೆ ಒಂದು ಗಳಿಗೆ ನಿಲ್ಲಬೇಕು. 34 ಪಂದ್ಯ ಶುರು ಮಾಡಿ, 28ನ್ನು ತಾವೇ ಮುಗಿಸಿ, 13 ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ರನ್ ಕೊಡದೆ, ಜೂನ್ ತಿಂಗಳಲ್ಲಂತೂ ಸತತ ಐದು ಪಂದ್ಯ ಸೊನ್ನೆಗೆ ಕಟ್ಟಿಹಾಕಿ ಸಾಧಿಸಿದ ಸಂಖ್ಯೆ ಅದು. ಇಡೀ ಋತುವಿನಲ್ಲಿ ಇನಿಂಗ್ಸ್‌ನ ನಡುವೆ ಅವರನ್ನು ಒಮ್ಮೆಯೂ ಕೆಳಗಿಳಿಸಲಿಲ್ಲ. ಮುಗಿಸದ ಆರೂ ಸಲ, ಅವರ ಬದಲಿಗೆ ಬ್ಯಾಟ್ ಮಾಡಲು ಇನ್ನೊಬ್ಬರನ್ನು ಕಳಿಸಿದ್ದು.

ಹೀಗೆ ಎಸೆದವರು ಒಂಬತ್ತು ಪಂದ್ಯ ಸೋಲುವುದು ಹೇಗೆ? ಸೆಪ್ಟೆಂಬರ್ 17ರ ಪಂದ್ಯ ನೋಡಿದರೆ ಸಾಕು. ಮೊದಲ ಇನಿಂಗ್ಸ್‌ನಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ರಾನ್ ಹಂಟ್ ಒಂದು ಹೋಮ್ ರನ್ ಹೊಡೆದರು. ಆಮೇಲೆ ಗಿಬ್ಸನ್ ಇನ್ನೊಂದು ರನ್ ಬಿಡಲಿಲ್ಲ. ಆದರೆ ಎದುರು ಎಸೆಯುತ್ತಿದ್ದ ಗೇಲಾರ್ಡ್ ಪೆರ್ರಿ ಸೇಂಟ್ ಲೂಯಿಗೆ ಒಂದೇ ಒಂದು ಹಿಟ್, ಅಂದರೆ ಬೇಸ್ ಮುಟ್ಟಿಸುವ ಹೊಡೆತ, ಕೂಡ ಕೊಡಲಿಲ್ಲ. 1-0. ಗಿಬ್ಸನ್‌ಗೆ ಸೋಲು. ಜೆಂಕಿನ್ಸ್ ಕತೆ ಇನ್ನೂ ಕೆಟ್ಟದು, ಆ ವರ್ಷ ಅವರು 1-0 ಅಂತರದಲ್ಲೇ ಐದು ಪಂದ್ಯ ಸೋತರು. ಐದು ಸಲ ಒಂದೊಂದೇ ರನ್ ಬಿಟ್ಟು ಐದು ಸೋಲು. ತಂಡ ಆ ಐದು ದಿನ ತಲಾ ಎರಡು ರನ್ ಹೊಡೆದಿದ್ದರೆ ಅವರ ಲೆಕ್ಕ 25-10 ಆಗುತ್ತಿತ್ತು, ನಾವು ಅವರ ಬಗ್ಗೆ ಬೇರೆಯೇ ಥರ ಮಾತಾಡುತ್ತಿದ್ದೆವು.

ನನ್ನ ಕಣ್ಣಿಗೆ ಆ ಪಟ್ಟಿಯ ಅತಿ ಚೆನ್ನಾದ ಸಾಕ್ಷಿ ಮಾತ್ರ ಪಟ್ಟಿಯ ಮೇಲ್ತುದಿಯಲ್ಲಿ ಇಲ್ಲವೇ ಇಲ್ಲ. ಅವರ ಹೆಸರು ಸ್ಯಾಮ್ ಮೆಕ್‌ಡವೆಲ್. ಕ್ಲೀವ್‌ಲ್ಯಾಂಡ್‌ನ ಎಡಗೈ ಪಿಚರ್. 283 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿ ಅಮೆರಿಕನ್ ಲೀಗ್‌ನಲ್ಲಿ ಮೊದಲ ಸ್ಥಾನ, ಇಆರ್‌ಎ 1.81, ಅಂದರೆ ಮೆಕ್‌ಲೇನ್‌ಗಿಂತ ಚೆನ್ನ. ಗೆಲುವು ಸೋಲು? 15-14. ಒಬ್ಬರು ಒಂಬತ್ತು ಇನಿಂಗ್ಸ್‌ಗೆ 1.81 ರನ್ ಬಿಟ್ಟು 14 ಸೋತರು, ಇನ್ನೊಬ್ಬರು 1.96 ಬಿಟ್ಟು ಆರು ಸೋತರು. ನಡುವಿನ ವ್ಯತ್ಯಾಸ ಇವರಿಬ್ಬರ ತೋಳಿನಲ್ಲಿ ಇರಲಿಲ್ಲ. ಟೈಗರ್ಸ್ ಆ ವರ್ಷ 671 ರನ್ ಹೊಡೆದು ಲೀಗ್‌ಗೇ ಮೊದಲಿಗರು; ಕ್ಲೀವ್‌ಲ್ಯಾಂಡ್ ಅದಕ್ಕಿಂತ ನೂರೈವತ್ತರಷ್ಟು ಹಿಂದೆ. ಮೆಕ್‌ಲೇನ್ ಹಿಂದೆ ನಾರ್ತ್‌ರಪ್, ಹಾರ್ಟನ್, ಕೇಲೈನ್, ನಾರ್ಮ್ ಕ್ಯಾಷ್, ಬಿಲ್ ಫ್ರೀಹನ್ ಇದ್ದರು. ಕೊನೆಯ ಇನಿಂಗ್ಸ್‌ಗಳಲ್ಲಿ ಎದ್ದು ಗೆಲ್ಲುವುದಕ್ಕೇ ಆ ತಂಡ ಹೆಸರಾಗಿತ್ತು.

ಸೋತವರಿಗೆ ಆಗಿನ ಕಾಲದ ಒಂದು ಸಿದ್ಧ ಉತ್ತರವಿತ್ತು: ನಿಜವಾದ ಪಿಚರ್ ಸ್ಕೋರ್ ನೋಡಿಕೊಂಡು ಎಸೆಯುತ್ತಾನೆ, ತಂಡ ಐದು ಹೊಡೆದರೆ ನಾಲ್ಕು ಬಿಡುತ್ತಾನೆ, ಒಂದು ಹೊಡೆದರೆ ಒಂದೂ ಬಿಡುವುದಿಲ್ಲ. ಕೇಳಲು ಹಿತವಾದ ಮಾತು. ಜ್ಯಾಕ್ ಮಾರಿಸ್ ಎಂಬ ಇನ್ನೊಬ್ಬ ಡೆಟ್ರಾಯಿಟ್ ಪಿಚರ್‌ನ 254 ಗೆಲುವು ಮತ್ತು 3.90ರ ಸಾಧಾರಣ ಇಆರ್‌ಎಯನ್ನು ಹೊಂದಿಸಲು ಇದೇ ಮಾತನ್ನು ಹಾಲ್ ಆಫ್ ಫೇಮ್ ಎಂಬ ಗೌರವಕ್ಕೆ ಆರಿಸುವ ಮತದಾನದಲ್ಲಿ 15 ವರ್ಷ ಎಳೆದಾಡಿದರು. ಅವರ ಪಂದ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ವಿಶ್ಲೇಷಕರಿಗೆ ಅಂಥ ಜಾಣತನದ ಕುರುಹು ಸಿಗಲಿಲ್ಲ, ತಂಡ ಧಾರಾಳವಾಗಿ ರನ್ ಹೊಡೆದದ್ದು ಸಿಕ್ಕಿತು. 1-0ಯಲ್ಲಿ ಐದು ಸಲ ಸೋತ ಜೆಂಕಿನ್ಸ್‌ಗೆ ‘ಸ್ಕೋರ್ ನೋಡಿಕೊಂಡು ಎಸೆಯಬೇಕಿತ್ತು’ ಎಂದು ಹೇಳಿ ನೋಡಿ, ಆ ವಾದದ ಬೆಲೆ ಗೊತ್ತಾಗುತ್ತದೆ.

1968 ಈ ವಿಷಯದಲ್ಲಿ ಬರಿಯ ಒಂದು ವರ್ಷವಲ್ಲ. ಬೇಸ್‌ಬಾಲ್ ಜಗತ್ತು ಅದನ್ನು ಪಿಚರ್‌ಗಳ ವರ್ಷ ಎಂದೇ ಕರೆಯುತ್ತದೆ. 1963ರಲ್ಲಿ ಸ್ಟ್ರೈಕ್ ವಲಯವನ್ನು, ಅಂದರೆ ಎಸೆತ ಸರಿ ಎನಿಸಿಕೊಳ್ಳಲು ಹಾದುಹೋಗಬೇಕಾದ ಜಾಗವನ್ನು, ಹೆಗಲಿನ ಮೇಲಂಚಿನಿಂದ ಮೊಣಕಾಲಿನ ಕೆಳಗಿನ ತನಕ ಹಿಗ್ಗಿಸಿದ್ದರು. ಪಿಚರ್ ನಿಲ್ಲುವ ದಿಬ್ಬ 15 ಇಂಚು ಎತ್ತರ. ಕೆಲವು ಊರುಗಳಲ್ಲಿ ಅದಕ್ಕಿಂತ ಎತ್ತರ ಎಂಬ ಗುಮಾನಿ ಆಟಗಾರರಲ್ಲಿತ್ತು. ಎತ್ತರದಿಂದ ಇಳಿಜಾರಾಗಿ ಬರುವ ಚೆಂಡು, ಅದನ್ನು ಹೊಡೆಯಲು ಬ್ಯಾಟರ್ ಕಾಯಬೇಕಾದ ವಿಶಾಲ ಜಾಗ. ಪರಿಣಾಮ, ಒಂದು ತಂಡ ಪಂದ್ಯವೊಂದಕ್ಕೆ ಹೊಡೆದ ರನ್ ಸರಾಸರಿ 3.42ಕ್ಕೆ ಕುಸಿಯಿತು. ಎಲ್ಲ ಬ್ಯಾಟರ್‌ಗಳ ಸರಾಸರಿ (ಇಲ್ಲಿ ರನ್ನಿನದಲ್ಲ, ಹಿಟ್‌ಗಳ ಪ್ರಮಾಣ) .237. ಅಮೆರಿಕನ್ ಲೀಗ್‌ನಲ್ಲಿ .300 ದಾಟಿದವರು ಒಬ್ಬರೇ, ಬಾಸ್ಟನ್‌ನ ಕಾರ್ಲ್ ಯಾಸ್ಟ್ರೆಮ್ಸ್ಕಿ, ಅದೂ .301. ಲಾಸ್ ಏಂಜಲಿಸ್‌ನ ಡಾನ್ ಡ್ರೈಸ್‌ಡೇಲ್ ಸತತ ಆರು ಪಂದ್ಯ ಸೊನ್ನೆಗೆ ಮುಗಿಸಿ 58 ಇನಿಂಗ್ಸ್‌ಗೂ ಹೆಚ್ಚು ಕಾಲ ಒಂದು ರನ್ ಬಿಡಲಿಲ್ಲ. ಆ ಋತು ಮುಗಿದಾಗ ಡ್ರೈಸ್‌ಡೇಲ್ ಲೆಕ್ಕ 14 ಗೆಲುವು 12 ಸೋಲು!

ರನ್ ಇಷ್ಟು ದುಬಾರಿಯಾದ ವರ್ಷದಲ್ಲಿ ಒಂದೊಂದು ರನ್ನಿಗೂ ಪಂದ್ಯ ತಿರುಗುತ್ತದೆ. ಹತ್ತು ರನ್ ಹನ್ನೆರಡು ರನ್ ಬರುವ ಆಟದಲ್ಲಿ ಒಂದು ತಪ್ಪು ಎಸೆತ, ಒಂದು ತಪ್ಪಿದ ಥ್ರೋ ಮುಳುಗಿಹೋಗಬಹುದು. 2-1ರ ಆಟದಲ್ಲಿ ಅದೇ ತೀರ್ಪು. ಪಿಚರ್‌ನ ಹೆಸರಿಗೆ ಗೆಲುವು ಬರೆಯುವುದರಲ್ಲಿ ಅದೃಷ್ಟದ ಪಾಲು ಎಷ್ಟು ದೊಡ್ಡದು ಎಂದು ತೋರಿಸಲು 1968ಕ್ಕಿಂತ ಒಳ್ಳೆಯ ವರ್ಷ ಬೇಕಿಲ್ಲ. ಆದರೂ ಜನರ ನೆನಪಿನಲ್ಲಿ ಆ ವರ್ಷವನ್ನು ಹಿಡಿದು ನಿಲ್ಲಿಸಿರುವ ಸಂಖ್ಯೆಗಳಲ್ಲಿ ಒಂದು ಆ 31.

ಮತ ಹಾಕಿದ ಪತ್ರಕರ್ತರು ಕುರುಡರಾಗಿದ್ದರು ಎಂದುಕೊಳ್ಳಬೇಡಿ. ನ್ಯಾಷನಲ್ ಲೀಗ್‌ನಲ್ಲಿ ಮಾರಿಚಾಲ್ 26 ಗೆದ್ದಿದ್ದರೂ ಸೈ ಯಂಗ್ ಪ್ರಶಸ್ತಿ 22 ಗೆದ್ದ ಗಿಬ್ಸನ್‌ಗೆ ಹೋಯಿತು. ಎಲ್ಲ ಮತವೂ ಅವರಿಗೇ. ಲೀಗ್‌ನ ಅತ್ಯಮೂಲ್ಯ ಆಟಗಾರ ಎಂಬ ಗೌರವವೂ ಅವರದೇ. ಮಾರಿಚಾಲ್ ಇಡೀ ಬಾಳಿನಲ್ಲಿ ಒಂದೇ ಒಂದು ಸೈ ಯಂಗ್ ಪಡೆಯಲಿಲ್ಲ, ಅದು ಬೇರೆ ನೋವು. 1.12 ಕಣ್ಣಿಗೆ ರಾಚುವಷ್ಟು ಇದ್ದದ್ದರಿಂದ ಅವತ್ತಿನವರೂ ಗೆಲುವಿನ ಕಲಮನ್ನು ದಾಟಿ ನೋಡಿದರು. ಇಂದಿನ ಮತದಾರರು ದಾಟುವುದನ್ನು ರೂಢಿಯಾಗಿ ಮಾಡಿಕೊಂಡಿದ್ದಾರೆ. 2010ರಲ್ಲಿ ಸಿಯಾಟಲ್‌ನ ಫೆಲಿಕ್ಸ್ ಹರ್ನಾಂಡೆಜ್ 13 ಗೆಲುವು 12 ಸೋಲಿನೊಂದಿಗೆ, 21 ಗೆದ್ದ ಸಿ. ಸಿ. ಸಬಾತಿಯಾರನ್ನು ಹಿಂದಿಕ್ಕಿದಾಗ ಒಂದಿಷ್ಟು ಗಲಾಟೆಯಾಯಿತು. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ 10-9ರ ಲೆಕ್ಕದೊಂದಿಗೆ ಗೆದ್ದಾಗ ಗಲಾಟೆ ಕಡಿಮೆ. ಸ್ಕೀನ್ಸ್ 10-10ರಲ್ಲಿ ಗೆದ್ದಾಗ ಹುಬ್ಬೇರಿಸಿದವರು ತೀರ ಕೆಲವರು.

ಇಲ್ಲಿಯ ತನಕ ಎಲ್ಲವೂ ‘ಕಲಮು ಕಿತ್ತುಹಾಕಿ’ ಎನ್ನುವವರ ಪರವಾಗಿಯೇ ಇದೆ. ಈಗ ಸ್ವಲ್ಪ ಬೇರೆ ಕೂಡಿಕೆ ಮಾಡೋಣ.

ಮೆಕ್‌ಲೇನ್ 41 ಪಂದ್ಯ ಶುರು ಮಾಡಿದರು. 31 ಗೆಲುವು, 6 ಸೋಲು, ಒಟ್ಟು 37. ಅಂದರೆ 41ರಲ್ಲಿ ನಾಲ್ಕು ಪಂದ್ಯ ಬಿಟ್ಟು ಉಳಿದೆಲ್ಲದರ ಫಲಿತಾಂಶ, ಒಳ್ಳೆಯದೋ ಕೆಟ್ಟದೋ, ಅವರ ಹೆಸರಿಗೇ ಬಂತು. ಗಿಬ್ಸನ್ 34ರಲ್ಲಿ 31. ಮಾರಿಚಾಲ್ 38ರಲ್ಲಿ 35. ಮೂವರಿಗೂ ನೂರಕ್ಕೆ ತೊಂಬತ್ತರ ಆಸುಪಾಸು. ಈಗ ಸ್ಕೀನ್ಸ್: 32 ಪಂದ್ಯ, 20 ಫಲಿತಾಂಶ. ಡಿಗ್ರಾಮ್: 32 ಪಂದ್ಯ, 19. ನೂರಕ್ಕೆ ಅರವತ್ತರ ಸುತ್ತ. ಇವರು ಎಸೆದ ಪಂದ್ಯಗಳಲ್ಲಿ ಐದಕ್ಕೆ ಎರಡು ಪಂದ್ಯ ಇವರು ಮನೆಗೆ ಹೊರಟ ಮೇಲೆ ಬೇರೆಯವರ ಕೈಯಲ್ಲಿ ತೀರ್ಮಾನವಾದವು.

ಅಂದರೆ 1968ರ ಗೆಲುವಿನ ಪಟ್ಟಿ ಯಾರು ಚೆನ್ನಾಗಿ ಎಸೆದರು ಎಂಬುದನ್ನು ಅರೆಬರೆಯಾಗಿ ಹೇಳಿದರೂ, ಯಾರು ಕೊನೆಯ ತನಕ ನಿಂತರು ಎಂಬುದನ್ನು ಚೊಕ್ಕವಾಗಿ ಹೇಳುತ್ತದೆ. ಮೆಕ್‌ಲೇನ್ 336 ಇನಿಂಗ್ಸ್ ಎಸೆದು 28 ಪಂದ್ಯ ತಾವೇ ಮುಗಿಸಿದರು. ಗಿಬ್ಸನ್ ಕೂಡ 28. ಮಾರಿಚಾಲ್ 30. ಮೂವರದೂ ಕೂಡಿದರೆ 86. ಈಚಿನ ಕೆಲವು ವರ್ಷಗಳಲ್ಲಿ ಮೇಜರ್ ಲೀಗ್‌ನ 30 ತಂಡಗಳ ಪಿಚರ್‌ಗಳೆಲ್ಲ ಸೇರಿದರೂ ಪೂರ್ತಿ ಮುಗಿಸಿದ ಪಂದ್ಯ ವರ್ಷಕ್ಕೆ 50 ದಾಟಿಲ್ಲ. ಹೊಲದಲ್ಲಿ ಬಿತ್ತನೆಯಿಂದ ಸುಗ್ಗಿಯ ತನಕ ನಿಂತವನಿಗೆ ‘ಬೆಳೆ ಇವನದು’ ಎನ್ನುವುದರಲ್ಲಿ ಒಂದು ಅರ್ಥವಿದೆ, ಮಳೆ ಅವನ ಕೈಯಲ್ಲಿ ಇಲ್ಲದಿದ್ದರೂ. ಉತ್ತು ಹೋದವನೊಬ್ಬ, ಕಳೆ ಕಿತ್ತವನೊಬ್ಬ, ಕೊಯ್ದವನೊಬ್ಬ ಆದಾಗ ಆ ಮಾತು ಯಾರಿಗೆ ಹೇಳುವುದು?

ಇನ್ನೂ ಹಿಂದಕ್ಕೆ ಹೋದರೆ ಇದು ಮತ್ತೂ ಸ್ಪಷ್ಟ. 1884ರಲ್ಲಿ ಪ್ರಾವಿಡೆನ್ಸ್ ಗ್ರೇಸ್ ತಂಡದ ಚಾರ್ಲ್ಸ್ ರ್‍ಯಾಡ್‌ಬರ್ನ್ ಒಂದೇ ಋತುವಿನಲ್ಲಿ 678 ಇನಿಂಗ್ಸ್ ಎಸೆದರು. ಜೊತೆಯ ಇನ್ನೊಬ್ಬ ಪಿಚರ್ ನಡುವೆ ತಂಡ ಬಿಟ್ಟು ಹೋದಾಗ ಹೆಚ್ಚುಕಡಿಮೆ ಎಲ್ಲ ಪಂದ್ಯವೂ ಇವರ ಹೆಗಲಿಗೆ ಬಿತ್ತು. ಗೆದ್ದದ್ದು ಎಷ್ಟು? ಕೆಲವು ದಾಖಲೆ 59 ಎನ್ನುತ್ತದೆ, ಕೆಲವು 60. ಒಂದು ಪಂದ್ಯದಲ್ಲಿ ಅವರು ತಂಡ ಮುಂದಿದ್ದಾಗ ನಡುವೆ ಬಂದು ಎಸೆದಿದ್ದರು. ಆ ಗೆಲುವನ್ನು ಮೊದಲು ಎಸೆದವನಿಗೆ ಕೊಡಬೇಕೋ ಮುಗಿಸಿದವನಿಗೆ ಕೊಡಬೇಕೋ ಎಂಬ ತಕರಾರು ಇಂದಿಗೂ ತೀರಿಲ್ಲ. ಗಮನಿಸಿ, ಒಬ್ಬರೇ ಎಸೆದ ಪಂದ್ಯಗಳ ಬಗ್ಗೆ ತಕರಾರೇ ಇಲ್ಲ. ಇಬ್ಬರು ಎಸೆದ ಒಂದು ಪಂದ್ಯಕ್ಕೆ 140 ವರ್ಷದ ಜಗಳ. ಇವತ್ತು ಪ್ರತಿ ಪಂದ್ಯವನ್ನೂ ಒಂದು ತಂಡದ ನಾಲ್ಕೈದು ಮಂದಿ ಎಸೆಯುತ್ತಾರೆ.

ಇದು ಹೀಗಾಗಲು ಕಾರಣ ಸೋಮಾರಿತನ ಅಲ್ಲ, ಹಳಬರು ಏನೇ ಗೊಣಗಲಿ. ಒಬ್ಬ ಬ್ಯಾಟರ್ ಅದೇ ಪಿಚರ್‌ನನ್ನು ಒಂದೇ ದಿನ ಮೂರನೆಯ ಸಲ ಎದುರಿಸುವಾಗ ಹೆಚ್ಚು ಚೆನ್ನಾಗಿ ಹೊಡೆಯುತ್ತಾನೆ ಎಂಬುದು ಅಂಕಿಅಂಶಗಳಲ್ಲಿ ಗಟ್ಟಿಯಾಗಿ ಕಂಡ ಸಂಗತಿ. ಒಂಬತ್ತು ಬ್ಯಾಟರ್‌ಗಳ ಸರದಿ ಎರಡು ಸುತ್ತು ಮುಗಿಯುವುದು ಸಾಮಾನ್ಯವಾಗಿ ನಾಲ್ಕು ಐದನೆಯ ಇನಿಂಗ್ಸ್ ಹೊತ್ತಿಗೆ. ಅಷ್ಟರಲ್ಲಿ ಹಿಂದೆ ಒಂದೊಂದೇ ಇನಿಂಗ್ಸ್ ಜೀವ ಒತ್ತೆಯಿಟ್ಟು ಎಸೆಯಬಲ್ಲ ವೇಗಿಗಳು ಸಾಲಾಗಿ ಕಾಯುತ್ತಿರುತ್ತಾರೆ. ದಣಿದವನನ್ನು ಉಳಿಸಿಕೊಳ್ಳುವುದಕ್ಕಿಂತ ಹೊಸಬನನ್ನು ಇಳಿಸುವುದು ಲೆಕ್ಕಕ್ಕೆ ಲಾಭ. ಗಿಬ್ಸನ್ ಕಾಲದಲ್ಲಿ ನಾಲ್ವರು ಸರದಿಯ ಮೇಲೆ ಎಸೆಯುತ್ತಿದ್ದರು, ಈಗ ಐವರು, ಕೆಲವೊಮ್ಮೆ ಆರು. ಹಾಗಾಗಿ 41 ಪಂದ್ಯ ಶುರು ಮಾಡುವ ಅವಕಾಶವೇ ಈಗಿನವರಿಗಿಲ್ಲ. ಪಂದ್ಯವನ್ನು ಮುಗಿಸಿಕೊಡುವ ಪಿಚರ್‌ಗೆ ‘ಸೇವ್’ ಎಂಬ ಬೇರೆಯೇ ಕಲಮು ಅಧಿಕೃತವಾಗಿ ಬಂದದ್ದೂ 1969ರಲ್ಲಿ, ಮೆಕ್‌ಲೇನ್ ಋತುವಿನ ಮರುವರ್ಷವೇ.

ಐದು ಇನಿಂಗ್ಸ್‌ನ ಗೆರೆ ಈಗ ಎಡವುಗಲ್ಲಾಗಿರುವುದು ಇದರಿಂದಲೇ. ಆರಂಭಿಕ ಪಿಚರ್ ಸರಾಸರಿ ಎಸೆಯುವುದೇ ಐದು ಇನಿಂಗ್ಸ್‌ನ ಆಚೀಚೆ. ನಾಲ್ಕು ಇನಿಂಗ್ಸ್ ಜೊತೆಗೆ ಎರಡು ಔಟ್ ಮಾಡಿ, ಒಂದೂ ರನ್ ಬಿಡದೆ, ಮುನ್ನಡೆಯಲ್ಲೇ ಇಳಿದವನಿಗೆ ಗೆಲುವಿಲ್ಲ. ಅವನ ಬೆನ್ನಿಗೆ ಬಂದವರಲ್ಲಿ ಒಬ್ಬನಿಗೆ ಉಂಟು. 2018ರಲ್ಲಿ ಟ್ಯಾಂಪಾ ಬೇ ರೇಸ್ ತಂಡ ಇದನ್ನೇ ಒಂದು ತಂತ್ರವಾಗಿ ಮಾಡಿಕೊಂಡಿತು. ಮೊದಲ ಇನಿಂಗ್ಸ್ ಒಂದನ್ನು ಒಬ್ಬ ವೇಗಿ ಎಸೆದು ಇಳಿಯುವುದು, ಎರಡನೆಯದರಿಂದ ‘ನಿಜವಾದ’ ಪಿಚರ್ ಶುರು ಮಾಡುವುದು. ಆ ವರ್ಷ ಆ ತಂಡದ ರಯನ್ ಯಾರ್‌ಬ್ರೋ 16 ಪಂದ್ಯ ಗೆದ್ದರು. ಆರಂಭಿಸಿದ್ದು ಆರೇ ಪಂದ್ಯ! ಎರಡನೆಯವನಾಗಿ ಬಂದವನಿಗೆ ಐದು ಇನಿಂಗ್ಸ್‌ನ ಷರತ್ತು ಅನ್ವಯಿಸುವುದಿಲ್ಲವಲ್ಲ. ಅವರು ಗೆಲುವು ದೋಚಿದರು ಎಂದಲ್ಲ, ಕೆಲಸ ಮಾಡಿಯೇ ಪಡೆದರು. ನಿಯಮ ಬರೆದವರು ಕನಸಿನಲ್ಲೂ ಕಾಣದ ಬಾಗಿಲಿನಿಂದ ಗೆಲುವು ಒಳಗೆ ಬಂತು ಅಷ್ಟೇ.

ಒಂದು ಹೋಲಿಕೆ ಇಲ್ಲಿ ತಪ್ಪಿಸಿಕೊಳ್ಳಲಾಗದು. 2020ರ ವರ್ಲ್ಡ್ ಸೀರೀಸ್‌ನ, ಅಂದರೆ ಎರಡೂ ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿಯ, ಆರನೆಯ ಪಂದ್ಯ, ಸೋತರೆ ಟ್ಯಾಂಪಾ ಬೇ ಮನೆಗೆ. ಆ ತಂಡದ ಪಿಚರ್ ಬ್ಲೇಕ್ ಸ್ನೆಲ್ ಎದುರಾಳಿಗಳನ್ನು ಕಟ್ಟಿಹಾಕಿದ್ದರು: ಎರಡೇ ಹಿಟ್, ಒಂಬತ್ತು ಸ್ಟ್ರೈಕ್‌ಔಟ್, ತಂಡ 1-0 ಮುಂದೆ. ಆರನೆಯ ಇನಿಂಗ್ಸ್‌ನಲ್ಲಿ, ಬರಿಯ 73 ಎಸೆತಗಳಿಗೆ ಅವರನ್ನು ಇಳಿಸಿದರು. ಮೂರನೆಯ ಸುತ್ತು ಶುರುವಾಗುತ್ತಿತ್ತು, ಪುಸ್ತಕ ಹಾಗೆ ಹೇಳುತ್ತಿತ್ತು. ಟ್ಯಾಂಪಾ ಬೇ 3-1ರಿಂದ ಸೋತಿತು. ಆ ತೀರ್ಮಾನ ಲೆಕ್ಕದ ಪ್ರಕಾರ ತಪ್ಪಲ್ಲ ಎಂದು ವಾದಿಸುವವರು ಇವತ್ತಿಗೂ ಇದ್ದಾರೆ. ನನಗೆ ಆ ವಾದ ಅರ್ಥವಾಗುತ್ತದೆ, ಮನಸ್ಸಿಗೆ ಒಗ್ಗುವುದಿಲ್ಲ.

1968ರ ವರ್ಲ್ಡ್ ಸೀರೀಸ್ ಇದಕ್ಕೆ ತೀರ ವಿರುದ್ಧ ಜಗತ್ತು. ಟೈಗರ್ಸ್ ಎದುರು ಸೇಂಟ್ ಲೂಯಿ ಕಾರ್ಡಿನಲ್ಸ್, ಅಂದರೆ 31 ಗೆಲುವಿನ ಎದುರು 1.12. ಮೊದಲ ಪಂದ್ಯದಲ್ಲಿ ಗಿಬ್ಸನ್ 17 ಸ್ಟ್ರೈಕ್‌ಔಟ್ ಮಾಡಿ 4-0ಯಿಂದ ಗೆದ್ದರು, ಮೆಕ್‌ಲೇನ್ ಸೋತರು. ನಾಲ್ಕನೆಯ ಪಂದ್ಯದಲ್ಲಿ ಇವರಿಬ್ಬರೇ ಮತ್ತೆ ಎದುರಾದರು, ಗಿಬ್ಸನ್ 10-1. ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡರೆ ಆಟ ಅಷ್ಟು ವಿಧೇಯ ಅಲ್ಲ. ಋತುವಿಡೀ ಮೆಕ್‌ಲೇನ್ ನೆರಳಿನಲ್ಲಿದ್ದ, 17 ಗೆದ್ದು 9 ಸೋತಿದ್ದ ಎಡಗೈ ಪಿಚರ್ ಮಿಕಿ ಲೋಲಿಚ್ ಎರಡನೆಯ ಪಂದ್ಯ ಗೆದ್ದರು, ಐದನೆಯದನ್ನು ಗೆದ್ದರು. ಆರನೆಯದರಲ್ಲಿ ಮೆಕ್‌ಲೇನ್‌ಗೆ ತಂಡ 13 ರನ್ ಕೊಟ್ಟಿತು, ಅವರೂ ಗೆದ್ದರು. ಏಳನೆಯದಕ್ಕೆ ಎರಡೇ ದಿನದ ವಿಶ್ರಾಂತಿಯ ಮೇಲೆ ಮತ್ತೆ ಲೋಲಿಚ್, ಎದುರು ಗಿಬ್ಸನ್.

ಆರು ಇನಿಂಗ್ಸ್ ಮುಗಿದರೂ 0-0. ಏಳನೆಯದರಲ್ಲಿ ನಾರ್ತ್‌ರಪ್ ಹೊಡೆದ ಚೆಂಡಿನ ಅಂದಾಜು ಸೇಂಟ್ ಲೂಯಿಯ ಕರ್ಟ್ ಫ್ಲಡ್‌ಗೆ ತಪ್ಪಿತು. ಆ ಕಾಲದ ಅತ್ಯುತ್ತಮ ಫೀಲ್ಡರ್‌ಗಳಲ್ಲಿ ಒಬ್ಬರು ಅವರು. ಮೊದಲು ಮುಂದಕ್ಕೆ ಹೆಜ್ಜೆಯಿಟ್ಟು, ಹಿಂದಕ್ಕೆ ತಿರುಗುವಾಗ ಜಾರಿದರು. ಚೆಂಡು ತಲೆಯ ಮೇಲೆ ಹೋಯಿತು, ಇಬ್ಬರು ಓಡಿ ಬಂದರು. ಲೋಲಿಚ್ ಒಂಬತ್ತೂ ಇನಿಂಗ್ಸ್ ಎಸೆದು 4-1ರಿಂದ ಗೆದ್ದರು. ಗಿಬ್ಸನ್ ಹೆಸರಿನ ಮುಂದೆ ಸೋಲು. ಫ್ಲಡ್ ಜಾರಿದ್ದು ಯಾವ ಕಲಮಿನಲ್ಲೂ ಇಲ್ಲ. ಅಂಕಪಟ್ಟಿ ಅದನ್ನು ತಪ್ಪು ಎಂದು ಬರೆಯದೆ ನಾರ್ತ್‌ರಪ್‌ರ ಟ್ರಿಪಲ್ (ಮೂರನೆಯ ಬೇಸ್ ಮುಟ್ಟಿಸಿದ ಹೊಡೆತ) ಎಂದು ಬರೆಯಿತು, ಹಾಗಾಗಿ ಆ ರನ್‌ಗಳು ಗಿಬ್ಸನ್‌ರ ಇಆರ್‌ಎ ಲೆಕ್ಕಕ್ಕೇ ಹೋದವು. ಗೆಲುವಿನ ಕಲಮು ಸುಳ್ಳು ಹೇಳುತ್ತದೆ, ಇಆರ್‌ಎ ನಿಜ ಹೇಳುತ್ತದೆ ಎಂದು ತಕ್ಕಡಿ ಹಿಡಿಯುವವರು ಆ ಒಂದು ಚೆಂಡನ್ನು ನೆನಪಿಡುವುದು ಒಳ್ಳೆಯದು.

ಮರುವರ್ಷ ದಿಬ್ಬವನ್ನು 15ರಿಂದ 10 ಇಂಚಿಗೆ ಇಳಿಸಿದರು, ಸ್ಟ್ರೈಕ್ ವಲಯವನ್ನು ಕುಗ್ಗಿಸಿದರು. ರನ್ ಮತ್ತೆ ಏರಿತು. ಮೆಕ್‌ಲೇನ್ 1969ರಲ್ಲಿ 24 ಗೆದ್ದು ಇನ್ನೊಂದು ಸೈ ಯಂಗ್ ಹಂಚಿಕೊಂಡರು. 1970ರಲ್ಲಿ ಜೂಜಿನ ವ್ಯವಹಾರದಲ್ಲಿ ಸಿಕ್ಕಿಬಿದ್ದು ಅರ್ಧ ಋತು ಅಮಾನತಾದರು. 1971ರಲ್ಲಿ ವಾಷಿಂಗ್ಟನ್ ತಂಡದಲ್ಲಿ 22 ಪಂದ್ಯ ಸೋತರು, ಲೀಗ್‌ನಲ್ಲಿ ಅವರಿಗಿಂತ ಹೆಚ್ಚು ಸೋತವರಿಲ್ಲ. ಮೂರು ವರ್ಷದಲ್ಲಿ ಪಟ್ಟಿಯ ತುದಿಯಿಂದ ಬುಡಕ್ಕೆ. ಆ 22ರಲ್ಲಿ ದುರ್ಬಲ ತಂಡದ ಪಾಲು ಇತ್ತು, ಆದರೆ ಎಸೆದು ಎಸೆದು ಸವೆದು ಚುಚ್ಚುಮದ್ದಿನ ಮೇಲೆ ನಿಂತಿದ್ದ ಭುಜದ ಪಾಲೂ ಇತ್ತು. 28 ವಯಸ್ಸಿಗೆ ಅವರ ಮೇಜರ್ ಲೀಗ್ ಬದುಕು ಮುಗಿಯಿತು. ಕೊನೆಯ ತನಕ ನಿಲ್ಲುವುದಕ್ಕೆ ದೇಹ ತೆರುವ ಬೆಲೆ ಅದು, ಮತ್ತು ಇವತ್ತಿನ ತಂಡಗಳು ತಮ್ಮ ಪಿಚರ್‌ಗಳನ್ನು ಐದನೆಯ ಇನಿಂಗ್ಸ್‌ಗೇ ದಿಬ್ಬದಿಂದ ಇಳಿಸುವುದರ ಹಿಂದೆ ಈ ಭಯವೂ ಇದೆ. ಹಾಗೆ ಇಳಿಸಿಯೂ ಮೊಣಕೈ ಶಸ್ತ್ರಚಿಕಿತ್ಸೆಗಳು ಕಡಿಮೆಯಾಗಿಲ್ಲ ಎನ್ನುವುದು ಬೇರೆ ಲೇಖನದ ವಿಷಯ.

ಹಾಗಾದರೆ ಕಲಮು ಇರಬೇಕೋ ಬೇಡವೋ? ಪ್ರಶಸ್ತಿಗೆ, ಸಂಬಳಕ್ಕೆ ಅದನ್ನು ಅಳತೆಗೋಲು ಮಾಡುವುದು ನಿಂತದ್ದು ಸರಿಯಾಗಿಯೇ ಆಯಿತು. ಆದರೆ ಅಳಿಸಿಹಾಕಬೇಡಿ. 2023ರಲ್ಲಿ 20 ಗೆದ್ದವರು ಒಬ್ಬರೇ, ಅಟ್ಲಾಂಟಾದ ಸ್ಪೆನ್ಸರ್ ಸ್ಟ್ರೈಡರ್. 2024ರಲ್ಲಿ ಯಾರೂ ಇಲ್ಲ. 2025ರಲ್ಲಿ ಯಾಂಕೀಸ್‌ನ ಮ್ಯಾಕ್ಸ್ ಫ್ರೀಡ್ 19ಕ್ಕೆ ನಿಂತರು. ಇದನ್ನು ಈ ಪಿಚರ್‌ಗಳ ಅರ್ಹತೆಯ ಪಟ್ಟಿ ಎಂದು ಓದಿದರೆ ದಾರಿ ತಪ್ಪುತ್ತದೆ. ಒಂದು ಕಸುಬು ಹೇಗೆ ಬದಲಾಯಿತು, ಒಬ್ಬರ ದಿನಗೂಲಿ ಹೇಗೆ ಐವರ ಪಾಳಿಯಾಯಿತು ಎಂಬುದರ ಖಾತೆ ಪುಸ್ತಕ ಎಂದು ಓದಿದರೆ ಅದರಷ್ಟು ನಿಖರವಾದದ್ದು ಬೇರೆ ಇಲ್ಲ.

ಸಂಖ್ಯೆಗಳ ಪೈಕಿ ಯಾವುದೂ ಶುದ್ಧವಲ್ಲ ಎಂಬುದಕ್ಕೆ ಮೆಕ್‌ಲೇನ್‌ರ 31ನೆಯ ಗೆಲುವಿನ ದಿನವೇ ಒಂದು ಪ್ರಸಂಗವಿದೆ. ಸೆಪ್ಟೆಂಬರ್ 19, ಎದುರಾಳಿ ಯಾಂಕೀಸ್. ಟೈಗರ್ಸ್ ಆಗಲೇ ಲೀಗ್ ಗೆದ್ದಾಗಿತ್ತು, ಈ ಪಂದ್ಯದಲ್ಲೂ 6-1ರಿಂದ ಮುಂದಿದ್ದರು. ಎಂಟನೆಯ ಇನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿದು ಬಂದವರು ಮಿಕಿ ಮ್ಯಾಂಟಲ್. ಮೆಕ್‌ಲೇನ್ ಚಿಕ್ಕಂದಿನಲ್ಲಿ ಆರಾಧಿಸಿದ ಆಟಗಾರ; ಮೊಣಕಾಲು ಸೋತು ಹೋಗಿತ್ತು, ಅದು ಅವರ ಕೊನೆಯ ಋತು. ಇನ್ನೊಂದು ಹೋಮ್ ರನ್ ಬಂದರೆ ಒಟ್ಟು 535, ಜಿಮ್ಮಿ ಫಾಕ್ಸ್ ಅವರನ್ನು ದಾಟಿದಂತೆ. ಮೆಕ್‌ಲೇನ್ ತಮ್ಮ ಕ್ಯಾಚರ್ ಜಿಮ್ ಪ್ರೈಸ್ ಮೂಲಕ ಮ್ಯಾಂಟಲ್‌ಗೆ ಸುದ್ದಿ ಮುಟ್ಟಿಸಿದರು: ಎಲ್ಲಿ ಬೇಕೋ ಹೇಳು, ಅಲ್ಲಿಗೇ ಎಸೆಯುತ್ತೇನೆ. ಮ್ಯಾಂಟಲ್ ಜಾಗ ತೋರಿಸಿದರು. ಚೆಂಡು ಅಲ್ಲಿಗೇ ಮೆತ್ತಗೆ ಬಂತು, ಪ್ರೇಕ್ಷಕರ ನಡುವೆ ಹೋಗಿ ಬಿತ್ತು. ಬೇಸ್‌ಗಳನ್ನು ಸುತ್ತುವಾಗ ಮ್ಯಾಂಟಲ್ ಮೆಕ್‌ಲೇನ್‌ಗೆ ಧನ್ಯವಾದ ಹೇಳಿದರು. ವಿಶ್ಲೇಷಕರು ಇವತ್ತು ಗೆಲುವಿಗಿಂತ ನಂಬಿಕಸ್ಥ ಎನ್ನುವ ಆ 1.96ರ ಒಳಗೆ ಈ ರನ್ನೂ ಸೇರಿಕೊಂಡಿದೆ.

ಮುಂದಿನ ಬ್ಯಾಟರ್ ಜೋ ಪೆಪಿಟೋನ್ ತನಗೂ ಅಂಥದೇ ಒಂದು ಬೇಕು ಎಂದು ಬ್ಯಾಟ್ ಚಾಚಿ ಜಾಗ ತೋರಿಸಿದರು. ಮೆಕ್‌ಲೇನ್‌ರ ಮುಂದಿನ ಎಸೆತಕ್ಕೆ ಪೆಪಿಟೋನ್ ತಲೆ ಉಳಿಸಿಕೊಳ್ಳಲು ನೆಲಕ್ಕೆ ಬೀಳಬೇಕಾಯಿತು.